ಚಿಕ್ಕಂದಿನಲ್ಲಿ ಆಗುತ್ತಿದ್ದ ಹಾಲು ಈಗ ಆಗುತ್ತಿಲ್ಲ. ಜೀನ್ ನಡುವೆ ಕೆಡುತ್ತದಾ?

ಕಾಫಿಪುಡಿ
ಎಲ್ಲರಿಗೂ ನಮಸ್ಕಾರ. ಜೀವಶಾಸ್ತ್ರ ಓದಿದವರು ಯಾರಾದರೂ ಸ್ವಲ್ಪ ಬಿಡಿಸಿ ಹೇಳಿ.

ನಮ್ಮೂರು ಹಾಸನದ ಕಡೆ. ಮನೆಯಲ್ಲಿ ಹಸು ಇತ್ತು. ಹೈಸ್ಕೂಲು ಮುಗಿಯುವವರೆಗೂ, ಆಮೇಲೂ, ಲೋಟಗಟ್ಟಲೆ ಹಾಲು ಕುಡಿದವನು ನಾನು. ಈಗ ನಲವತ್ತರ ಹತ್ತಿರ. ಇತ್ತೀಚೆಗೆ ರಾತ್ರಿ ಒಂದು ಲೋಟ ಹಾಲು ಕುಡಿದರೆ ಸಾಕು, ಹೊಟ್ಟೆ ಗುಡುಗುಡು, ಉಬ್ಬರ, ಆಮೇಲೆ ಓಟ. ಮೊಸರನ್ನಕ್ಕೆ ಏನೂ ಆಗುವುದಿಲ್ಲ. ಕಾಫಿಯೂ ಹೇಗೋ ನಡೆಯುತ್ತದೆ. ಅಮ್ಮನಿಗೆ ಅರವತ್ತೇಳು, ಇವತ್ತಿಗೂ ಮಲಗುವ ಮುಂಚೆ ಹಾಲು ಬೇಕೇ ಬೇಕು, ಅವರಿಗೆ ಏನೂ ತೊಂದರೆ ಇಲ್ಲ.

ಡಾಕ್ಟರ ಹತ್ತಿರ ಹೋದೆ. "ಹಾಲಿನ ಸಕ್ಕರೆ ಅರಗುತ್ತಿಲ್ಲ, ಜೀನ್‌ನಿಂದ ಬರುವಂಥದ್ದು, ಹಾಲು ಬಿಟ್ಟುಬಿಡಿ" ಎಂದು ಹೇಳಿ ಮುಂದಿನವರನ್ನು ಕರೆದರು. ನನಗೆ ತಲೆ ಕೆಟ್ಟಿದ್ದು ಇಲ್ಲಿ. ಜೀನ್ ಹುಟ್ಟಿನಿಂದ ಸಾಯುವವರೆಗೆ ಒಂದೇ ಅಲ್ವಾ? ಐದನೇ ವಯಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಜೀನ್ ಈಗ ಯಾಕೆ ಕೈಕೊಟ್ಟಿತು? ನಡುವೆ ಕೆಡುತ್ತದಾ?

ಮಜ್ಜಿಗೆಹುಳಿ
ಜೀನ್ ಕೆಟ್ಟಿಲ್ಲ ಸರ್, ವಯಸ್ಸಾಯಿತು. ಮಜ್ಜಿಗೆ ಪಾರ್ಟಿಗೆ ಸ್ವಾಗತ.

ದೇಸಿಹಸು
ಜೀನ್ ಗೀನ್ ಎಲ್ಲ ಸುಮ್ನೆ. ಪ್ಯಾಕೆಟ್ ಹಾಲು ಬಿಡಿ. ನಾಟಿ ಹಸುವಿನ ಎ2 ಹಾಲು ಒಂದು ತಿಂಗಳು ಕುಡಿದು ನೋಡಿ, ಆಮೇಲೆ ಇಲ್ಲೇ ಬಂದು ಬರೆಯಿರಿ. ನಮ್ಮ ಅಜ್ಜಂದಿರಿಗೆ ಈ ಕಾಯಿಲೆ ಇತ್ತಾ?

ಲ್ಯಾಬ್‌ಕೋಟು
ಎ2 ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಪ್ರಶ್ನೆ ಕೇಳಿದವರಿಗೆ.

ನಿಮ್ಮ ಜೀನ್ ಕೆಟ್ಟಿಲ್ಲ, ಬದಲಾಗಿಯೂ ಇಲ್ಲ. ಹಾಲಿನಲ್ಲಿರುವ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಒಂದಕ್ಕೊಂದು ಅಂಟಿಕೊಂಡು ಆದದ್ದು. ಇದ್ದ ಹಾಗೇ ರಕ್ತಕ್ಕೆ ಸೇರುವುದಿಲ್ಲ. ಸಣ್ಣ ಕರುಳಿನ ಒಳಗೋಡೆಯಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವ ಅದನ್ನು ಎರಡು ತುಂಡು ಮಾಡಬೇಕು. ಕಿಣ್ವ ಸಾಲದಿದ್ದರೆ ಲ್ಯಾಕ್ಟೋಸ್ ಹಾಗೇ ದೊಡ್ಡ ಕರುಳಿಗೆ ಇಳಿಯುತ್ತದೆ, ಜೊತೆಗೆ ನೀರನ್ನೂ ಎಳೆದುಕೊಳ್ಳುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಕ್ಕೆ ಹಬ್ಬ. ಅವು ತಿಂದು ಬಿಡುವ ಗ್ಯಾಸೇ ನಿಮ್ಮ ಗುಡುಗುಡು. ಆ ನೀರೇ ನಿಮ್ಮ ಓಟ.

ಲ್ಯಾಕ್ಟೇಸ್ ಮಾಡುವ ಜೀನಿಗೆ ಎಲ್‌ಸಿಟಿ ಎಂದು ಹೆಸರು. 2ನೇ ಕ್ರೋಮೋಸೋಮಿನಲ್ಲಿದೆ. ಅದು ನಿಮ್ಮ ಚರ್ಮದ ಕೋಶದಲ್ಲೂ ಇದೆ, ಮೆದುಳಿನಲ್ಲೂ ಇದೆ. ಅಲ್ಲಿ ಅದನ್ನು ಯಾರೂ ಓದುವುದಿಲ್ಲ ಅಷ್ಟೇ. ಸಣ್ಣ ಕರುಳಿನ ಕೋಶ ಮಾತ್ರ ಅದನ್ನು ಓದಿ, ಆರ್‌ಎನ್‌ಎ ನಕಲು ತೆಗೆದು, ಆ ನಕಲು ನೋಡಿಕೊಂಡು ಪ್ರೋಟೀನ್ ಕಟ್ಟುತ್ತದೆ. ಜೀನ್ ಇರುವುದು ಬೇರೆ, ಅದು ಕೆಲಸಕ್ಕೆ ಇಳಿಯುವುದು ಬೇರೆ. ನಿಮ್ಮ ಪ್ರಶ್ನೆ ಇರುವುದು ಎರಡನೆಯದರ ಬಗ್ಗೆ.

ಇಲಿ, ನಾಯಿ, ಹಸು ಯಾವುದೇ ಇರಲಿ, ಮರಿ ತಾಯಿಯ ಹಾಲು ಬಿಟ್ಟ ಮೇಲೆ ಈ ಜೀನಿನ ಕೆಲಸ ಇಳಿಯುತ್ತದೆ. ಮನುಷ್ಯರಲ್ಲೂ ಮೂಲ ಪದ್ಧತಿ ಅದೇ. ಜಗತ್ತಿನ ದೊಡ್ಡವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನಕ್ಕೆ ಲ್ಯಾಕ್ಟೇಸ್ ಇಳಿದಿರುತ್ತದೆ. ಅದಕ್ಕೇ ಇದನ್ನು ಕಾಯಿಲೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ವಿಚಿತ್ರ ಇರುವುದು ನಿಮ್ಮ ಅಮ್ಮನಲ್ಲಿ!

ಮಜ್ಜಿಗೆಹುಳಿ
ಅಮ್ಮಂದಿರನ್ನು ವಿಚಿತ್ರ ಎನ್ನಬಾರದು ಮೇಡಂ 😄 ಬೆಕ್ಕಿಗೂ ಹೀಗೇನಾ?

ಲ್ಯಾಬ್‌ಕೋಟು
ಹೌದು. ದೊಡ್ಡ ಬೆಕ್ಕಿಗೆ ಬಟ್ಟಲು ತುಂಬ ಹಾಲಿಟ್ಟರೆ ಎಷ್ಟೋ ಸಲ ಭೇದಿ ಆಗುತ್ತದೆ. ಕುಡಿಯುವುದನ್ನಂತೂ ಬಿಡುವುದಿಲ್ಲ.

ಕಾಫಿಪುಡಿ
ಸರಿ, ಅಮ್ಮನ ವಿಷಯವೇ ಕೇಳುತ್ತೇನೆ. ಅವರ ಲ್ಯಾಕ್ಟೇಸ್ ಜೀನ್ ನನ್ನದಕ್ಕಿಂತ ಬೇರೆ ಇರುತ್ತದಾ?

ಲ್ಯಾಬ್‌ಕೋಟು
ಚೆಂದ ಇರುವುದೇ ಇಲ್ಲಿ. ಲ್ಯಾಕ್ಟೇಸ್ ಉಳಿದವರಲ್ಲೂ ಇಳಿದವರಲ್ಲೂ ಕಿಣ್ವ ಒಂದೇ. ಪ್ರೋಟೀನಿನಲ್ಲಿ ವ್ಯತ್ಯಾಸ ಇಲ್ಲ. ಡಿಎನ್‌ಎ ಅಂದರೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರದ ಉದ್ದನೆಯ ಬರಹ ಅಂದುಕೊಳ್ಳಿ. ವ್ಯತ್ಯಾಸ ಇರುವುದು ಜೀನ್ ಶುರುವಾಗುವ ಜಾಗಕ್ಕಿಂತ ಸುಮಾರು 13,910 ಅಕ್ಷರ ಹಿಂದೆ. ಅಲ್ಲಿ ಮೂಲದಲ್ಲಿ ಸಿ ಇದೆ. ಕೆಲವರಲ್ಲಿ ಅದು ಟಿ ಆಗಿದೆ. ಅಷ್ಟೇ, ಒಂದು ಅಕ್ಷರ. ಟಿ ಇದ್ದರೆ ಲ್ಯಾಕ್ಟೇಸ್ ಜೀನ್ ದೊಡ್ಡವರಾದ ಮೇಲೂ ಕೆಲಸ ಮಾಡುತ್ತಲೇ ಇರುತ್ತದೆ.

ಇನ್ನೂ ತಮಾಷೆ ಕೇಳಿ. ಆ ಅಕ್ಷರ ಕೂತಿರುವುದು ಪಕ್ಕದ ಇನ್ನೊಂದು ಜೀನಿನ ಒಳಗೆ. ಅದರ ಹೆಸರು ಎಂಸಿಎಂ6. ಒಂದು ಕೋಶ ಎರಡಾಗುವ ಮುಂಚೆ ಡಿಎನ್‌ಎ ನಕಲಾಗಬೇಕಲ್ಲ, ಆ ಕೆಲಸಕ್ಕೆ ಬೇಕಾದ ಜೀನ್ ಅದು. ಅದಕ್ಕೂ ಹಾಲಿಗೂ ಏನೂ ಸಂಬಂಧ ಇಲ್ಲ.

ತೆಂಗಿನಗರಿ
ನನಗೆ ತಿಳಿದಷ್ಟು ಹೇಳುತ್ತೇನೆ, ಸರಿಯಾ ನೋಡಿ. ಬೋರ್‌ವೆಲ್ ಮೋಟ್ರು ನನ್ನ ತೋಟದಲ್ಲಿ. ಸ್ಟಾರ್ಟರ್ ಡಬ್ಬ ಪಕ್ಕದವರ ಶೆಡ್ಡಿನಲ್ಲಿ. ನೀರು ಬರದಿದ್ದರೆ ಮೋಟ್ರು ಸುಟ್ಟಿದೆ ಎಂದು ಎತ್ತಿಸಬೇಕಿಲ್ಲ, ಶೆಡ್ಡಿಗೆ ಹೋಗಿ ನೋಡಬೇಕು. ಹೀಗೇ ತಾನೇ?

ಲ್ಯಾಬ್‌ಕೋಟು
ಇದನ್ನು ನಾನು ಕ್ಲಾಸಿನಲ್ಲಿ ಕದಿಯುತ್ತೇನೆ. ಒಂದು ಮಾತು ಸೇರಿಸಬೇಕು. ನಿಮ್ಮಲ್ಲಿ ಈ ಸೆಟ್ಟು ಎರಡು ಇವೆ, ಒಂದು ಅಪ್ಪನಿಂದ ಬಂದದ್ದು, ಒಂದು ಅಮ್ಮನಿಂದ. ಒಂದರ ಸ್ಟಾರ್ಟರ್ ಇನ್ನೊಂದರ ಮೋಟ್ರನ್ನು ಓಡಿಸುವುದಿಲ್ಲ.

ಕುಡ್ಲದ_ಗಾಳಿ
ಅಲ್ಲ ಮಾರಾಯ್ರೆ, ಮನುಷ್ಯನ ಡಿಎನ್‌ಎಯಲ್ಲಿ 300 ಕೋಟಿ ಅಕ್ಷರ ಅಂತಾರೆ. ಅದರಲ್ಲಿ ಈ ಒಂದು ಅಕ್ಷರವೇ ಎಂದು ಹುಡುಕಿದ್ದು ಹೇಗೆ? ಅದೂ ಬೇರೆ ಜೀನಿನ ಹೊಟ್ಟೆಯೊಳಗೆ?

ಲ್ಯಾಬ್‌ಕೋಟು
ಮೊದಲು ಜಾಗ ಸಣ್ಣದು ಮಾಡಿಕೊಂಡರು. 1995ರಲ್ಲಿ ಲಂಡನ್ನಿನ ಡಾಲಸ್ ಸ್ವಾಲೋ ಅವರ ತಂಡ ಒಂದು ಜಾಣ ಕೆಲಸ ಮಾಡಿತು. ಕೆಲವರಲ್ಲಿ ಅಪ್ಪನ ಕಡೆಯ ಎಲ್‌ಸಿಟಿಗೂ ಅಮ್ಮನ ಕಡೆಯದಕ್ಕೂ ಮಧ್ಯೆ ಎಲ್ಲೋ ಒಂದೆರಡು ಅಕ್ಷರ ಬೇರೆ ಇರುತ್ತದೆ. ಅದರಿಂದ ಕಿಣ್ವಕ್ಕೆ ಏನೂ ಆಗುವುದಿಲ್ಲ, ಆದರೆ ಗುರುತಿಗೆ ಸಾಕು. ಕರುಳಿನ ಚೂರಿನಿಂದ ಆರ್‌ಎನ್‌ಎ ತೆಗೆದು ನೋಡಿದರೆ ಯಾವ ಪ್ರತಿಯಿಂದ ಎಷ್ಟು ನಕಲು ಬಂದಿದೆ ಎಂದು ಲೆಕ್ಕ ಸಿಗುತ್ತದೆ. ಕೆಲವರಲ್ಲಿ ಒಂದೇ ಪ್ರತಿ ದುಡಿಯುತ್ತಿತ್ತು, ಇನ್ನೊಂದು ಹೆಚ್ಚುಕಡಿಮೆ ಸುಮ್ಮನಿತ್ತು.

ಯೋಚನೆ ಮಾಡಿ. ಎರಡು ಪ್ರತಿಯೂ ಒಂದೇ ಕೋಶದೊಳಗೆ ಇವೆ. ಹಾರ್ಮೋನೋ ಇನ್ಯಾವುದೋ ಓಡಾಡುವ ಪ್ರೋಟೀನೋ ಕಾರಣ ಆಗಿದ್ದರೆ ಎರಡೂ ಒಟ್ಟಿಗೆ ಏಳಬೇಕಿತ್ತು, ಒಟ್ಟಿಗೆ ಮಲಗಬೇಕಿತ್ತು. ಒಂದು ಮಾತ್ರ ಎದ್ದಿದೆ ಎಂದರೆ ಕಾರಣ ಆ ಡಿಎನ್‌ಎ ಪ್ರತಿಯ ಮೇಲೇ, ಜೀನಿನ ಆಸುಪಾಸಿನಲ್ಲೇ ಇರಬೇಕು. 300 ಕೋಟಿ ಹುಡುಕುವ ಕಷ್ಟ ಅಲ್ಲಿಗೆ ತಪ್ಪಿತು.

ಆಮೇಲಿನ ಕಥೆ ಫಿನ್ಲೆಂಡಿನದು. ಇಲ್ಲಿ ಒಬ್ಬರು ಅಲ್ಲಿಯವರು ಇದ್ದಾರಲ್ಲ?

ಹೆಲ್ಸಿಂಕಿ_ಚಳಿ
ಇದ್ದೇನೆ ಇದ್ದೇನೆ. ಕೆಲಸ ಸಾಫ್ಟ್‌ವೇರು, ಆದರೆ ಈ ಕಥೆ ಗೊತ್ತು, ಇಲ್ಲಿಯವರಿಗೆ ಇದೊಂದು ಹೆಮ್ಮೆ.

2002ರಲ್ಲಿ ಎನಾಟಾ, ಲೀನಾ ಪೆಲ್ಟೊನೆನ್, ಇರ್ಮಾ ಯಾರ್ವೆಲಾ ಇವರೆಲ್ಲ ಸೇರಿ ಹುಡುಕಿದ್ದು. ಒಂಬತ್ತು ದೊಡ್ಡ ಫಿನ್ನಿಶ್ ಕುಟುಂಬಗಳನ್ನು ತೆಗೆದುಕೊಂಡರು. ಹಾಲು ಆಗುವವರು ಯಾರು, ಆಗದವರು ಯಾರು, ಯಾರ ಯಾರ ಹತ್ತಿರ ಆ ಭಾಗದ ಡಿಎನ್‌ಎ ತುಂಡು ಒಂದೇ ಥರ ಇದೆ ಎಂದು ತಾಳೆ ನೋಡುತ್ತಾ ಹೋದರು. ಕೊನೆಗೆ ಸುಮಾರು 47,000 ಅಕ್ಷರದ ಒಂದು ತುಂಡು ಉಳಿಯಿತು. ಅದನ್ನು ಪೂರ್ತಿ ಓದಿದಾಗ ಈ ಸಿ/ಟಿ ಸಿಕ್ಕಿತು.

ಇಲ್ಲಿ ಫಿನ್ನರಲ್ಲಿ ಹಾಲು ಆಗದವರು ನೂರಕ್ಕೆ ಹದಿನೇಳು ಹದಿನೆಂಟು ಮಂದಿ. ಅಷ್ಟಕ್ಕೇ ಸೂಪರ್ ಮಾರ್ಕೆಟ್ಟಿನಲ್ಲಿ ಲ್ಯಾಕ್ಟೋಸ್ ತೆಗೆದ ಹಾಲಿಗೆ ಉದ್ದನೆಯ ಕಪಾಟು. ಇಲ್ಲಿಯ ವಾಲಿಯೋ ಎನ್ನುವ ಡೈರಿ 2001ರಲ್ಲೇ ಅಂಥ ಹಾಲನ್ನು ಮಾರುಕಟ್ಟೆಗೆ ತಂದಿತ್ತು. ನಮ್ಮಲ್ಲಿ ಜಾಸ್ತಿ ಜನಕ್ಕೆ ಆಗುವುದಿಲ್ಲ, ಆದರೂ ಅಂಗಡಿಯಲ್ಲಿ ಕೇಳಿದರೆ ಮುಖ ನೋಡುತ್ತಾರೆ.

ಮಜ್ಜಿಗೆಹುಳಿ
ಬೆಂಗಳೂರಿನಲ್ಲಿ ಈಗ ಸಿಗುತ್ತದೆ ಸರ್. ಅಮೂಲ್‌ನದು ನಾನೇ ತಂದಿದ್ದೆ. ಸ್ವಲ್ಪ ಸಿಹಿ ಜಾಸ್ತಿ ಅನ್ನಿಸಿತು. ಸಕ್ಕರೆ ಹಾಕಿರುತ್ತಾರಾ?

ಲ್ಯಾಬ್‌ಕೋಟು
ಹಾಕಿರುವುದಿಲ್ಲ. ಹಾಲಿಗೆ ಲ್ಯಾಕ್ಟೇಸ್ ಕಿಣ್ವ ಬೆರೆಸಿ ಲ್ಯಾಕ್ಟೋಸನ್ನು ಮೊದಲೇ ಒಡೆದಿರುತ್ತಾರೆ. ಒಡೆದು ಬಂದ ಗ್ಲೂಕೋಸ್ ನಾಲಿಗೆಗೆ ಲ್ಯಾಕ್ಟೋಸಿಗಿಂತ ಸಿಹಿ.

ಕುಡ್ಲದ_ಗಾಳಿ
ಇನ್ನೊಂದು ಡೌಟು. ಕುಟುಂಬಗಳಲ್ಲಿ ಆ ಟಿ ಜೊತೆಗೇ ಬರುತ್ತದೆ ಅಂದ ಮಾತ್ರಕ್ಕೆ ಕೆಲಸ ಮಾಡುವುದು ಅದೇ ಎಂದು ಹೇಗೆ? ಅದರ ಪಕ್ಕ ಇರುವ ಬೇರೆ ಏನೋ ಇರಬಹುದಲ್ಲ? ನಮ್ಮೂರ ಜಾತ್ರೆಗೆ ಐಸ್‌ಕ್ಯಾಂಡಿಯವ ತಪ್ಪದೆ ಬರುತ್ತಾನೆ, ತೇರು ಎಳೆಯುವವನು ಅವನಲ್ಲ.

ಲ್ಯಾಬ್‌ಕೋಟು
ಸರಿಯಾದ ಕಡೆ ಹಿಡಿದಿರಿ. ಜೊತೆಗಿದೆ ಎಂದರೆ ಸಾಕ್ಷಿ ಅಲ್ಲ. ಅದಕ್ಕೆ ಪ್ರಯೋಗ ಬೇಕು.

ಮಿಂಚುಹುಳುವಿನಲ್ಲಿ ಲ್ಯೂಸಿಫರೇಸ್ ಎಂಬ ಪ್ರೋಟೀನ್ ಇದೆ, ಅದರಿಂದಲೇ ಹುಳು ಮಿನುಗುವುದು. ಅದರ ಜೀನನ್ನು ತೆಗೆದು ಅದರ ಮುಂದೆ ನಿಮಗೆ ಅನುಮಾನ ಇರುವ ಡಿಎನ್‌ಎ ತುಂಡನ್ನು ಜೋಡಿಸುತ್ತಾರೆ. ಒಂದು ಟ್ಯೂಬಿನಲ್ಲಿ ಸಿ ಇರುವ ತುಂಡು, ಇನ್ನೊಂದರಲ್ಲಿ ಟಿ ಇರುವ ತುಂಡು. ಉಳಿದ ಅಕ್ಷರ ಎಲ್ಲ ಒಂದೇ. ಎರಡನ್ನೂ ಲ್ಯಾಬಿನಲ್ಲಿ ಬೆಳೆಸಿದ ಕರುಳಿನ ಕೋಶಗಳಿಗೆ ಹಾಕಿ, ಒಂದೆರಡು ದಿನ ಬಿಟ್ಟು, ಕೋಶ ಒಡೆದು, ರಾಸಾಯನಿಕ ಬೆರೆಸಿ ಯಂತ್ರದಲ್ಲಿ ಬೆಳಕು ಅಳೆಯಬೇಕು. ಯಾವುದರಲ್ಲಿ ಬೆಳಕು ಜಾಸ್ತಿಯೋ ಆ ತುಂಡು ಜೀನನ್ನು ಜಾಸ್ತಿ ಓಡಿಸುತ್ತಿದೆ. 2003ರಲ್ಲಿ ಎರಡು ತಂಡ ಬೇರೆ ಬೇರೆಯಾಗಿ ಇದನ್ನು ಮಾಡಿದವು. ಟಿ ಗೆದ್ದಿತು. ಆಮೇಲೆ ಆಕ್ಟ್-1 ಎಂಬ ಪ್ರೋಟೀನ್ ಟಿ ಇರುವ ಜಾಗಕ್ಕೆ ಹೆಚ್ಚು ಗಟ್ಟಿಯಾಗಿ ಅಂಟುತ್ತದೆ ಎಂದೂ ಗೊತ್ತಾಯಿತು.

ನಾನು ಬೇರೆ ಜೀನಿನ ಮೇಲೆ ಇದೇ ಥರ ಮಾಡಿದ್ದೇನೆ. ಕಣ್ಣಿಗೆ ಕಾಣುವುದು ಬರೀ ನೀರಿನಂಥ ದ್ರವ ಮತ್ತು ಪರದೆಯ ಮೇಲೆ ಅಂಕಿ. ಮಿಂಚುಹುಳು ಅಂದ ತಕ್ಷಣ ಜನ ಕತ್ತಲೆ ಕೋಣೆಯಲ್ಲಿ ಹೊಳೆಯುವ ಟ್ಯೂಬು ಕಲ್ಪಿಸಿಕೊಳ್ಳುತ್ತಾರೆ, ಪಾಪ.

ಬಯಾಲಜಿ_ಮೇಷ್ಟ್ರು
ಬಹಳ ಹೊತ್ತಿನಿಂದ ಓದುತ್ತಿದ್ದೇನೆ. ಜೀನ್ ಆನ್ ಆಫ್ ಎಂಬ ವಿಷಯವೇ ಮೊದಲು ಬಿಡಿಸಿಕೊಂಡಿದ್ದು ಇದೇ ಲ್ಯಾಕ್ಟೋಸಿನಿಂದ ಎಂದು ಯಾರೂ ಹೇಳಲೇ ಇಲ್ಲವಲ್ಲ! ಪಿಯುಸಿಯಲ್ಲಿ ಲ್ಯಾಕ್ ಆಪರಾನ್, ಅಂದರೆ ಬ್ಯಾಕ್ಟೀರಿಯಾ ಲ್ಯಾಕ್ಟೋಸ್ ಅರಗಿಸಲು ಬಳಸುವ ಜೀನುಗಳ ಗುಂಪು, ಬಾಯಿಪಾಠ ಮಾಡಿದ್ದು ಮರೆತಿರಾ?

ನಮ್ಮ ಕರುಳಿನಲ್ಲೇ ಇರುವ ಈ. ಕೋಲೈ ಬ್ಯಾಕ್ಟೀರಿಯಾ. ಅದಕ್ಕೆ ಗ್ಲೂಕೋಸೂ ಲ್ಯಾಕ್ಟೋಸೂ ಒಟ್ಟಿಗೆ ಕೊಟ್ಟರೆ ಮೊದಲು ಗ್ಲೂಕೋಸ್ ಮುಗಿಸುತ್ತದೆ. ಸ್ವಲ್ಪ ಹೊತ್ತು ಬೆಳವಣಿಗೆ ನಿಲ್ಲುತ್ತದೆ. ಆಮೇಲೆ ಲ್ಯಾಕ್ಟೋಸಿಗೆ ಕೈ ಹಾಕಿ ಮತ್ತೆ ಬೆಳೆಯುತ್ತದೆ. ಗ್ರಾಫ್ ಹಾಕಿದರೆ ಎರಡು ಏರು, ನಡುವೆ ಒಂದು ಸಮತಟ್ಟು. ಪ್ಯಾರಿಸ್ಸಿನ ಜಾಕ್ ಮೊನೋ 1941ರ ತಮ್ಮ ಪ್ರಬಂಧದಲ್ಲೇ ಇದನ್ನು ಹಿಡಿದಿದ್ದರು. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಮೊನೋ ಮುಂದೆ ಜರ್ಮನರ ವಿರುದ್ಧದ ಗುಪ್ತ ಹೋರಾಟದಲ್ಲೂ ಇದ್ದವರು.

ಆಮೇಲೆ ಫ್ರಾನ್ಸ್ವಾ ಜಾಕೋಬ್ ಜೊತೆ ಸೇರಿ 1961ರಲ್ಲಿ ಪೂರ್ತಿ ಚಿತ್ರ ಕೊಟ್ಟರು. ಲ್ಯಾಕ್ಟೋಸ್ ಇಲ್ಲದಾಗ ಒಂದು ರಿಪ್ರೆಸರ್ ಪ್ರೋಟೀನ್ ಬಂದು ಜೀನುಗಳ ಮುಂದಿನ ಡಿಎನ್‌ಎ ಮೇಲೆ ಕೂತಿರುತ್ತದೆ. ಓದುವ ಯಂತ್ರ ಮುಂದೆ ಹೋಗಲಾರದು. ಲ್ಯಾಕ್ಟೋಸ್ ಒಳಗೆ ಬಂದರೆ ಅದರದೇ ಒಂದು ರೂಪ ರಿಪ್ರೆಸರಿಗೆ ಅಂಟಿಕೊಳ್ಳುತ್ತದೆ, ರಿಪ್ರೆಸರ್ ಡಿಎನ್‌ಎ ಬಿಟ್ಟು ಕಳಚಿ ಬೀಳುತ್ತದೆ, ಮೂರು ಜೀನು ಒಟ್ಟಿಗೆ ಕೆಲಸ ಶುರು ಮಾಡುತ್ತವೆ. 1965ರಲ್ಲಿ ಇಬ್ಬರಿಗೂ, ಜೊತೆಗೆ ಆಂದ್ರೆ ಲ್ವೋಫ್ ಎಂಬ ಇನ್ನೊಬ್ಬ ವಿಜ್ಞಾನಿಗೂ, ನೊಬೆಲ್ ಬಂತು. ಆಗಿನ್ನೂ ರಿಪ್ರೆಸರನ್ನು ಯಾರೂ ಬೇರ್ಪಡಿಸಿ ತೆಗೆದಿರಲಿಲ್ಲ! 1966ರಲ್ಲಿ ಗಿಲ್ಬರ್ಟ್ ಮತ್ತು ಮ್ಯುಲ್ಲರ್-ಹಿಲ್ ಅದನ್ನು ಬೇರ್ಪಡಿಸಿದರು. ಮಾಡೆಲ್ ಮೊದಲು, ಮಾಲು ಆಮೇಲೆ.

ದೇಸಿಹಸು
ನೋಡಿ, ನೀವೇ ಹೇಳಿದಿರಿ. ಲ್ಯಾಕ್ಟೋಸ್ ಕೊಟ್ಟರೆ ಜೀನ್ ಆನ್ ಆಗುತ್ತದೆ. ಅಂದರೆ ದಿನಾ ಹಾಲು ಕುಡಿದರೆ ನಮ್ಮ ಜೀನೂ ಆನ್ ಆಗುತ್ತದೆ. ಬಿಟ್ಟಿದ್ದೇ ತಪ್ಪು.

ಬಯಾಲಜಿ_ಮೇಷ್ಟ್ರು
ಇಲ್ಲ ಸ್ವಾಮಿ. ಅದು ಬ್ಯಾಕ್ಟೀರಿಯಾ. ಮನುಷ್ಯರ ಲ್ಯಾಕ್ಟೇಸ್ ಜೀನ್ ಹಾಲು ಬಂತೋ ಇಲ್ಲವೋ ಎಂದು ನೋಡುವುದೇ ಇಲ್ಲ. ಲೀಟರ್‌ಗಟ್ಟಲೆ ಕುಡಿದರೂ ಇಳಿದದ್ದು ಏರುವುದಿಲ್ಲ.

ಲ್ಯಾಬ್‌ಕೋಟು
ಆದರೆ ದೇಸಿಹಸು ಅವರ ಅನುಭವ ಸುಳ್ಳಾಗಬೇಕಿಲ್ಲ. ದಿನಾ ಸ್ವಲ್ಪ ಸ್ವಲ್ಪ ಹಾಲು ಕುಡಿಯುತ್ತಾ ಬಂದರೆ ಕೆಲವರಿಗೆ ತೊಂದರೆ ಕಡಿಮೆಯಾಗುತ್ತದೆ, ಅದು ನಿಜ. ಬದಲಾಗುವುದು ದೊಡ್ಡ ಕರುಳಿನ ಬ್ಯಾಕ್ಟೀರಿಯಾ. ಲ್ಯಾಕ್ಟೋಸನ್ನು ತಕರಾರಿಲ್ಲದೆ ತಿನ್ನುವಂಥವು ಹೆಚ್ಚಾಗುತ್ತವೆ. ಅಂದರೆ ಆನ್ ಆಗುವುದು ಅವುಗಳ ಜೀನ್, ನಮ್ಮದಲ್ಲ.

ನಮ್ಮ ಸ್ವಿಚ್ಚು ವಯಸ್ಸನ್ನು ನೋಡುತ್ತದೆ. 2016ರ ಒಂದು ಅಧ್ಯಯನ ಇದೆ. ಸಿ ಇರುವ ಪ್ರತಿಯಲ್ಲಿ ವಯಸ್ಸಾಗುತ್ತಾ ಆ ಭಾಗದ ಡಿಎನ್‌ಎ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳು ಕೂಡುತ್ತಾ ಹೋಗುತ್ತವೆ, ಜೀನ್ ನಿಧಾನಕ್ಕೆ ಮುಚ್ಚಿಕೊಳ್ಳುತ್ತದೆ. ಟಿ ಇರುವ ಪ್ರತಿಯಲ್ಲಿ ಇದು ಅಷ್ಟಾಗಿ ನಡೆಯುವುದಿಲ್ಲ. ಮೂಲ ಪ್ರಶ್ನೆಗೆ ಇದೇ ಉತ್ತರ: ಅಕ್ಷರಗಳು ಒಂದೂ ಬದಲಾಗುವುದಿಲ್ಲ, ಅವುಗಳ ಮೇಲಿನ ಗುರುತು ಬದಲಾಗುತ್ತದೆ.

ಅಗರ್‌ಪ್ಲೇಟ್
ಲ್ಯಾಕ್ ಆಪರಾನ್ ಅಂದದ್ದಕ್ಕೆ ಬಂದೆ. ಎಂಎಸ್ಸಿ ಮಾಡುತ್ತಿದ್ದೇನೆ, ಧಾರವಾಡ. ಪಿಯುಸಿಯಲ್ಲಿ ಇದನ್ನು ಉರು ಹೊಡೆಯುವಾಗ ಯಾವನಿಗೆ ಬೇಕಿತ್ತು ಎನ್ನಿಸುತ್ತಿತ್ತು. ಈಗ ವಾರಕ್ಕೊಮ್ಮೆಯಾದರೂ ಇದೇ ಕೆಲಸ.

ನಮಗೆ ಬೇಕಾದ ಜೀನನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದೊಳಗೆ ಸೇರಿಸಿ ಬ್ಯಾಕ್ಟೀರಿಯಾಕ್ಕೆ ಕೊಡುತ್ತೇವೆ. ಸೇರಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಆ ಉಂಗುರದಲ್ಲಿ ಲ್ಯಾಕ್ ಜೀನಿನ ಒಂದು ತುಂಡು ಇರುತ್ತದೆ, ನಾವು ನಮ್ಮ ಜೀನನ್ನು ಅದರ ಮಧ್ಯಕ್ಕೇ ತುರುಕುವುದು. ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನಲ್ಲಿ ಎಕ್ಸ್-ಗ್ಯಾಲ್ ಎಂಬ ರಾಸಾಯನಿಕ ಹಾಕಿರುತ್ತೇವೆ. ಲ್ಯಾಕ್ ಜೀನ್ ಸರಿಯಿದ್ದರೆ ಅದು ಒಡೆದು ನೀಲಿ ಬಣ್ಣ. ನಮ್ಮ ಜೀನ್ ಮಧ್ಯೆ ಕೂತಿದ್ದರೆ ಬಣ್ಣ ಇಲ್ಲ, ಬಿಳಿ. ರಾತ್ರಿ 37 ಡಿಗ್ರಿಯಲ್ಲಿಟ್ಟು ಬೆಳಿಗ್ಗೆ ತೆಗೆದರೆ ಪ್ಲೇಟಿನ ತುಂಬ ಸಾಸಿವೆ ಗಾತ್ರದ ಚುಕ್ಕೆಗಳು. ಮೊದಲು ಎಲ್ಲ ಬಿಳಿ ಎಂದೇ ಕಾಣುತ್ತದೆ, ಖುಷಿಯಾಗುತ್ತದೆ. ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಒಂದೊಂದೇ ನೀಲಿ ಏರುತ್ತದೆ. ಖುಷಿ ಇಳಿಯುತ್ತದೆ.

ಮಜ್ಜಿಗೆಹುಳಿ
ಧಾರವಾಡ ಅಂದಿರಿ, ಪೇಡೆ ನೆನಪಾಯಿತು. ಪೇಡೆಯಲ್ಲಿ ಲ್ಯಾಕ್ಟೋಸ್ ಇರುತ್ತದಾ? ಇಲ್ಲ ಎಂದು ಹೇಳಿ ಪ್ಲೀಸ್.

ಅಗರ್‌ಪ್ಲೇಟ್
ಹಾಲು ಬತ್ತಿಸಿದರೆ ಹೋಗುವುದು ನೀರು. ಲ್ಯಾಕ್ಟೋಸ್ ಅಲ್ಲೇ ಕೂತಿರುತ್ತದೆ. ಸಾರಿ ರೀ.

ಲ್ಯಾಬ್‌ಕೋಟು
ತುಪ್ಪದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಪನೀರಿನಲ್ಲಿ ನೀರಿನ ಜೊತೆ ಬಹುಪಾಲು ಬಸಿದು ಹೋಗುತ್ತದೆ. ಮೊಸರಿನಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾ ಸ್ವಲ್ಪ ತಿಂದಿರುತ್ತವೆ, ಉಳಿದದ್ದನ್ನು ನಮ್ಮ ಕರುಳಿಗೆ ಬಂದ ಮೇಲೂ ತಮ್ಮ ಕಿಣ್ವದಿಂದ ಒಡೆಯುತ್ತವೆ. ಕಾಫಿ ನಡೆಯುವುದಕ್ಕೆ ಕಾರಣ ಪ್ರಮಾಣ. ಹಸುವಿನ ಹಾಲಿನಲ್ಲಿ ಲ್ಯಾಕ್ಟೋಸ್ ನೂರಕ್ಕೆ ಸುಮಾರು ಐದು. 200 ಎಂಎಲ್ ಲೋಟಕ್ಕೆ ಹತ್ತು ಗ್ರಾಂ. ಕಾಫಿಗೆ ಬೀಳುವುದು ಅದರಲ್ಲಿ ಅರ್ಧವೋ ಇನ್ನೂ ಕಡಿಮೆಯೋ. ಲ್ಯಾಕ್ಟೇಸ್ ಇಳಿದವರಲ್ಲೂ ಬಹಳ ಜನ ಒಂದು ಸಲಕ್ಕೆ ಹನ್ನೆರಡು ಗ್ರಾಂವರೆಗೆ ದೊಡ್ಡ ತೊಂದರೆ ಇಲ್ಲದೆ ತಡೆದುಕೊಳ್ಳುತ್ತಾರೆ.

ದೇಸಿಹಸು
ಎ2 ಬಗ್ಗೆ ಆಮೇಲೆ ಹೇಳುತ್ತೇನೆ ಅಂದಿರಿ. ಜಾರಿಕೊಂಡಿರಿ.

ಲ್ಯಾಬ್‌ಕೋಟು
ಜಾರಿಲ್ಲ. ಎ1, ಎ2 ಎನ್ನುವುದು ಬೀಟಾ ಕೇಸೀನ್ ಎಂಬ ಹಾಲಿನ ಪ್ರೋಟೀನಿನ ಎರಡು ನಮೂನೆ. 67ನೇ ಜಾಗದ ಅಮೈನೋ ಆಮ್ಲ ಎ2ರಲ್ಲಿ ಪ್ರೋಲಿನ್, ಎ1ರಲ್ಲಿ ಹಿಸ್ಟಿಡಿನ್. ವ್ಯತ್ಯಾಸ ಹಸುವಿನ ಜೀನಿನಲ್ಲಿದೆ. ಪ್ರೋಟೀನ್ ಬೇರೆ, ಸಕ್ಕರೆ ಬೇರೆ. ಗೀರ್ ಹಸುವಾಗಲಿ ಮಲೆನಾಡು ಗಿಡ್ಡ ಆಗಲಿ ಎಚ್‌ಎಫ್ ಎಂಬ ವಿದೇಶಿ ತಳಿ ಆಗಲಿ, ಲ್ಯಾಕ್ಟೋಸ್ ಎಲ್ಲದರಲ್ಲೂ ಹೆಚ್ಚುಕಡಿಮೆ ಅಷ್ಟೇ. ಎ2 ಹಾಲಿನಿಂದ ಕೆಲವರಿಗೆ ಹೊಟ್ಟೆ ಹಗುರ ಅನ್ನಿಸುತ್ತದೆ ಎನ್ನುವ ಸಣ್ಣ ಅಧ್ಯಯನಗಳು ಇವೆ, ವಾದವೂ ಇದೆ. ಆದರೆ ಲ್ಯಾಕ್ಟೇಸ್ ಇಲ್ಲದವರಿಗೆ ಅದೇ ಮದ್ದು ಎಂದು ದುಪ್ಪಟ್ಟು ದುಡ್ಡು ಕೀಳುವುದು ನನಗಂತೂ ಒಪ್ಪಿಗೆ ಇಲ್ಲ.

ದೇಸಿಹಸು
ಮಲೆನಾಡು ಗಿಡ್ಡದ ಹಾಲು ಕುಡಿದಿದ್ದೀರಾ ನೀವು? ಆಮೇಲೆ ಮಾತಾಡಿ.

ತೆಂಗಿನಗರಿ
ಗಿಡ್ಡ ಕೊಡುವುದೇ ಒಂದು ಚೊಂಬು. ಕುಡಿದರೂ ಯಾರಿಗೂ ಏನೂ ಆಗುವುದಿಲ್ಲ ಬಿಡಿ, ಪ್ರಮಾಣ ಕಡಿಮೆ 😂

ಕುಡ್ಲದ_ಗಾಳಿ
ನಮ್ಮ ದೇಶದ್ದು ಹೇಳಿ. ಇಲ್ಲಿ ಟಿ ಎಷ್ಟು ಜನಕ್ಕೆ ಇದೆ?

ಲ್ಯಾಬ್‌ಕೋಟು
ಹೈದರಾಬಾದಿನ ಸಿಸಿಎಂಬಿ ಎಂಬ ಸಂಶೋಧನಾ ಸಂಸ್ಥೆಯವರೂ ಸೇರಿ ಮಾಡಿದ ಕೆಲಸ ಇದೆ. ದೇಶದ ಬೇರೆ ಬೇರೆ ಸಮುದಾಯಗಳ ಎರಡು ಸಾವಿರಕ್ಕೂ ಹೆಚ್ಚು ಜನರ ಡಿಎನ್‌ಎ ನೋಡಿದರು. ಇಲ್ಲಿ ಸಿಕ್ಕಿದ್ದೂ ಮುಖ್ಯವಾಗಿ ಅದೇ ಟಿ, ಯುರೋಪಿನದೇ. ಅಕ್ಕಪಕ್ಕದ ಅಕ್ಷರಗಳೂ ಹೊಂದುವುದರಿಂದ ಎರಡರ ಮೂಲ ಒಂದೇ. ವಾಯವ್ಯದಲ್ಲಿ ಜಾಸ್ತಿ, ದಕ್ಷಿಣಕ್ಕೂ ಪೂರ್ವಕ್ಕೂ ಬರುತ್ತಾ ಕಡಿಮೆ. ಆದರೆ ದನ ಕಾಯುವ ಸಮುದಾಯಗಳಲ್ಲಿ ಅಕ್ಕಪಕ್ಕದವರಿಗಿಂತ ಜಾಸ್ತಿ.

ದೇಸಿಹಸು
ಅಂದರೆ ಯುರೋಪಿನಿಂದ ಬಂತು ಅಂತಲಾ? ಇಲ್ಲಿಂದ ಅಲ್ಲಿಗೆ ಹೋಗಿರಬಾರದಾ? ಇದೆಲ್ಲ ಯಾರ ಅಜೆಂಡಾ ಎಂದು ಗೊತ್ತು.

ಅಡ್ಮಿನ್
ಯಾರು ಎಲ್ಲಿಂದ ಬಂದರು ಎನ್ನುವ ಜಗಳಕ್ಕೆ ಇನ್ನೊಂದು ಥ್ರೆಡ್ ಇದೆ, ಅಲ್ಲಿ ಈಗಾಗಲೇ ಸಾಕಷ್ಟು ಹೊಗೆ ಎದ್ದಿದೆ. ಇಲ್ಲಿ ಹಾಲು ಮಾತ್ರ.

ಹೆಲ್ಸಿಂಕಿ_ಚಳಿ
ಆಫ್ರಿಕಾದ್ದು ಇದಕ್ಕಿಂತ ಮಜಾ ಇದೆ. ಕೀನ್ಯಾ, ಟಾಂಜಾನಿಯಾದ ದನಗಾಹಿಗಳು ಹಾಲು ಚೆನ್ನಾಗಿ ಕುಡಿಯುತ್ತಾರೆ, ಆದರೆ ಅವರಲ್ಲಿ ಈ ಟಿ ಇಲ್ಲ! 2007ರಲ್ಲಿ ಸಾರಾ ಟಿಶ್ಕಾಫ್ ಅವರ ತಂಡ ನೋಡಿದಾಗ ಅದೇ ಜಾಗದ ಹತ್ತಿರ, 14,010ನೇ ಅಕ್ಷರದಲ್ಲಿ, ಬೇರೆಯೇ ಒಂದು ಬದಲಾವಣೆ ಸಿಕ್ಕಿತು. ಅರೇಬಿಯಾದವರಲ್ಲಿ 13,915ರಲ್ಲಿ ಇನ್ನೊಂದು. ಯಾರೂ ಯಾರದನ್ನೂ ನಕಲು ಮಾಡಿಲ್ಲ. ಪ್ರಾಣಿ ಸಾಕಿ ಹಾಲು ಕುಡಿದ ಕಡೆ ಬೇರೆ ಬೇರೆಯಾಗಿ ಹುಟ್ಟಿದ್ದು, ಕೂತದ್ದು ಮಾತ್ರ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ.

ಬಯಾಲಜಿ_ಮೇಷ್ಟ್ರು
ಒಂದು ಎಚ್ಚರಿಕೆ. ಹಾಲು ಕುಡಿದಿದ್ದಕ್ಕೆ ಅಕ್ಷರ ಬದಲಾಗಲಿಲ್ಲ. ಅಕ್ಷರ ತಾನಾಗಿ ಎಲ್ಲೋ ಒಬ್ಬರಲ್ಲಿ ತಪ್ಪಿತು, ಹಾಲಿದ್ದ ಕಡೆ ಅಂಥವರ ಮಕ್ಕಳು ಹೆಚ್ಚು ಉಳಿದರು. ಪರೀಕ್ಷೆಯಲ್ಲಿ ಇದನ್ನು ತಿರುವುಮುರುವು ಬರೆದು ಮಾರ್ಕ್ಸ್ ಕಳೆದುಕೊಳ್ಳುವವರೇ ಜಾಸ್ತಿ.

ಮತ್ತೆ, ಹಾಲು ಬಂದ ತಕ್ಷಣ ಟಿ ಹರಡಲೂ ಇಲ್ಲ. ಟರ್ಕಿ ಕಡೆಯ ಸುಮಾರು 9,000 ವರ್ಷ ಹಳೆಯ ಮಡಕೆ ಚೂರುಗಳಲ್ಲೇ ಹಾಲಿನ ಕೊಬ್ಬು ಸಿಕ್ಕಿದೆ. ಆದರೆ ಜರ್ಮನಿಯ ಟೋಲೆನ್ಸೆ ನದಿ ಹತ್ತಿರ ಸುಮಾರು 3,200 ವರ್ಷ ಹಿಂದೆ ಯುದ್ಧದಲ್ಲಿ ಸತ್ತವರ ಮೂಳೆಯ ಡಿಎನ್‌ಎ ನೋಡಿದರೆ ಎಂಟರಲ್ಲಿ ಒಬ್ಬರಿಗಷ್ಟೇ ಹಾಲು ಅರಗುವಂತಿತ್ತು. ಸಾವಿರಾರು ವರ್ಷ ಜನ ಟಿ ಇಲ್ಲದೆಯೇ ಹಾಲು ಬಳಸಿದ್ದಾರೆ. ಹುಳಿಸಿ, ಗಿಣ್ಣು ಮಾಡಿ, ಹೊಟ್ಟೆನೋವು ತಡೆದುಕೊಂಡು. 2022ರ ಒಂದು ದೊಡ್ಡ ಅಧ್ಯಯನದ ಪ್ರಕಾರ ಹೀಗೆ ಟಿ ಇದ್ದವರೇ ಹೆಚ್ಚು ಉಳಿಯುವ ಆಯ್ಕೆ ಜೋರಾದದ್ದು ಬರಗಾಲ ಮತ್ತು ಸಾಂಕ್ರಾಮಿಕ ರೋಗದ ಕಾಲದಲ್ಲಿ. ಹೊಟ್ಟೆ ತುಂಬಿದವನಿಗೆ ಭೇದಿ ಆದರೆ ಕಿರಿಕಿರಿ, ಹಸಿದು ಬಿದ್ದವನಿಗೆ ಭೇದಿ ಆದರೆ ಸಾವು.

ಮಜ್ಜಿಗೆಹುಳಿ
ಗಿಣ್ಣು ಅಂದಿರಿ, ನಮ್ಮ ಗಿಣ್ಣು ಕರು ಹಾಕಿದ ಹಸುವಿನ ಮೊದಲ ಹಾಲಿಂದು ಮೇಷ್ಟ್ರೇ. ಅವರದು ಚೀಸು.

ಕಾಫಿಪುಡಿ
ಇಷ್ಟೆಲ್ಲ ಓದಿದ ಮೇಲೆ ತಡೆಯಲಾಗಲಿಲ್ಲ. ಹಿಂದೊಮ್ಮೆ ಹೆಂಡತಿ ಒತ್ತಾಯಕ್ಕೆ ಎಂಜಲು ಕಳಿಸಿ ಜೀನ್ ಟೆಸ್ಟ್ ಮಾಡಿಸಿದ್ದೆ, ಆ ಫೈಲು ಹುಡುಕಿದೆ. ಲ್ಯಾಕ್ಟೇಸ್ ಎಂದಿರುವ ಸಾಲಿನಲ್ಲಿ "ಎಜಿ" ಎಂದಿದೆ. ನೀವು ಸಿ ಅಥವಾ ಟಿ ಅಂದಿರಿ. ನನ್ನದು ಎರಡೂ ಅಲ್ಲ! ನಾನು ಮನುಷ್ಯ ತಾನೇ?

ಅಗರ್‌ಪ್ಲೇಟ್
ಹಹ್ಹಾ ಇದು ಎಲ್ಲರೂ ಬೀಳುವ ಗುಂಡಿ. ಡಿಎನ್‌ಎಗೆ ಎರಡು ಎಳೆ. ಒಂದರಲ್ಲಿ ಎ ಇದ್ದರೆ ಎದುರಿನದರಲ್ಲಿ ಟಿ. ಜಿ ಇದ್ದರೆ ಎದುರು ಸಿ. ಎಲ್‌ಸಿಟಿ ಜೀನನ್ನು ಓದುವುದು ಒಂದು ಎಳೆಯ ದಿಕ್ಕಿನಲ್ಲಿ, ಟೆಸ್ಟ್ ಕಂಪನಿಗಳು ಬರೆಯುವುದು ಎದುರು ಎಳೆಯ ಅಕ್ಷರ. ಹಾಗಾಗಿ ನಿಮ್ಮ ಎ ಅಂದರೆ ಟಿ, ಜಿ ಅಂದರೆ ಸಿ. ನಿಮ್ಮದು ಒಂದು ಟಿ, ಒಂದು ಸಿ.

ಕಾಫಿಪುಡಿ
ಅಂದರೆ?

ಲ್ಯಾಬ್‌ಕೋಟು
ಅಂದರೆ ಕಥೆ ತಿರುಗಿತು. ಒಂದು ಟಿ ಇದ್ದರೂ ಸಾಮಾನ್ಯವಾಗಿ ಸಾಕು. ಕಿಣ್ವ ಎರಡು ಟಿ ಇರುವವರಿಗಿಂತ ಕಡಿಮೆ ಇರುತ್ತದೆ, ಆದರೆ ಒಂದು ಲೋಟ ಹಾಲಿಗೆ ಕೊರತೆ ಇಲ್ಲ. ನಿಮ್ಮ ರಿಪೋರ್ಟ್ ಸರಿಯಿದ್ದರೆ ನಿಮಗೆ ಹಾಲು ಆಗಬೇಕು.

ನಿಮ್ಮ ಮೊದಲ ಪೋಸ್ಟಿನಲ್ಲೇ ನನಗೊಂದು ಅನುಮಾನ ಇತ್ತು. ವಯಸ್ಸಿನ ಜೊತೆ ಇಳಿಯುವ ಲ್ಯಾಕ್ಟೇಸ್ ನಲವತ್ತರಲ್ಲಿ ಇದ್ದಕ್ಕಿದ್ದಂತೆ ಇಳಿಯುವುದಿಲ್ಲ. ಬಾಲ್ಯದಲ್ಲೇ ಶುರುವಾಗಿ ಹೆಚ್ಚೆಂದರೆ ಇಪ್ಪತ್ತರ ಹೊತ್ತಿಗೆ ಮುಗಿದಿರುತ್ತದೆ. ನಿಮಗೆ ಶುರುವಾದದ್ದು "ಇತ್ತೀಚೆಗೆ". ಅದಕ್ಕೂ ಮುಂಚೆ ಜೋರಾಗಿ ಹೊಟ್ಟೆ ಕೆಟ್ಟಿತ್ತಾ? ಆಂಟಿಬಯೋಟಿಕ್ ಕೋರ್ಸು, ಊರು ಬದಲಾವಣೆ?

ಕಾಫಿಪುಡಿ
ಹೌದಲ್ಲ! ಒಂದು ಮದುವೆ ಊಟದ ಮೇಲೆ ವಾರಗಟ್ಟಲೆ ಹೊಟ್ಟೆ ಸರಿ ಇರಲಿಲ್ಲ. ಅದಾದ ಮೇಲೆಯೇ ಇದೆಲ್ಲ. ಎರಡಕ್ಕೂ ಸಂಬಂಧ ಇದೆ ಎಂದು ಹೊಳೆದೇ ಇರಲಿಲ್ಲ.

ಲ್ಯಾಬ್‌ಕೋಟು
ಲ್ಯಾಕ್ಟೇಸ್ ಇರುವುದು ಸಣ್ಣ ಕರುಳಿನ ಬೆರಳಿನಂಥ ಮಡಿಕೆಗಳ ತುದಿಯ ಕಡೆಯ ಕೋಶಗಳಲ್ಲಿ. ಸೋಂಕು ಬಂದರೆ ಮೊದಲು ಪೆಟ್ಟು ಅಲ್ಲಿಗೇ. ಜೀನೂ ಚೆನ್ನಾಗಿದೆ, ಸ್ವಿಚ್ಚೂ ಚೆನ್ನಾಗಿದೆ, ಕೋಶವೇ ಸವೆದಿದೆ. ಸಾಮಾನ್ಯವಾಗಿ ವಾರಗಳಲ್ಲಿ ಸರಿಹೋಗುತ್ತದೆ. ಹೋಗಲಿಲ್ಲ ಎಂದರೆ ಜಿಯಾರ್ಡಿಯಾ ಎಂಬ ಪರಾವಲಂಬಿ ಉಳಿದಿರಬಹುದು, ಗೋಧಿ ಆಗದ ಸೀಲಿಯಾಕ್ ಇರಬಹುದು, ಲ್ಯಾಕ್ಟೋಸೇ ಕಾರಣ ಅಲ್ಲದೆಯೂ ಇರಬಹುದು. ಜೀನ್ ಅಂದುಕೊಂಡು ಹಾಲು ಬಿಟ್ಟು ಕೂತರೆ ಇದು ಯಾವುದೂ ಗೊತ್ತಾಗುವುದಿಲ್ಲ. ಹೊಟ್ಟೆ ಕರುಳಿನ ತಜ್ಞರನ್ನು ನೋಡಿ. ನಾನು ಡಾಕ್ಟರಲ್ಲ, ಟ್ಯೂಬು ತೊಳೆಯುವವಳು.

ಪುಟ್ಟಿ_ಅಮ್ಮ
ನಡುವೆ ಬಾಯಿ ಹಾಕಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ ಅಕ್ಕ. ನನ್ನ ಮಗಳಿಗೆ ಎಂಟು ತಿಂಗಳು. ನನಗೂ ಹಾಲು ಆಗುವುದಿಲ್ಲ. ಅವಳಿಗೆ ಎದೆಹಾಲಿನಿಂದ ತೊಂದರೆ ಆಗುತ್ತದಾ?

ಲ್ಯಾಬ್‌ಕೋಟು
ಬೇಸರ ಏನೂ ಇಲ್ಲ. ಧೈರ್ಯವಾಗಿ ಕೊಡಿ. ಎದೆಹಾಲಿನಲ್ಲಿ ಲ್ಯಾಕ್ಟೋಸ್ ಹಸುವಿನ ಹಾಲಿಗಿಂತ ಜಾಸ್ತಿ, ನೂರಕ್ಕೆ ಸುಮಾರು ಏಳು, ಮಕ್ಕಳ ಕರುಳು ಅದಕ್ಕೆ ತಯಾರಾಗಿಯೇ ಇರುತ್ತದೆ. ಸಿಸಿ ಇರಲಿ ಟಿಟಿ ಇರಲಿ, ಆ ವಯಸ್ಸಿನಲ್ಲಿ ಜೀನ್ ಪೂರ್ತಿ ಓಡುತ್ತಿರುತ್ತದೆ. ಹುಟ್ಟಿನಿಂದಲೇ ಲ್ಯಾಕ್ಟೇಸ್ ಇಲ್ಲದ ಮಕ್ಕಳು ತೀರಾ ಅಪರೂಪ. ಅದರಲ್ಲಿ ಮಾತ್ರ ಎಲ್‌ಸಿಟಿ ಜೀನೇ ನಿಜವಾಗಿ ಕೆಟ್ಟಿರುತ್ತದೆ. ಫಿನ್ಲೆಂಡಿನಲ್ಲಿ ಹೆಚ್ಚಾಗಿ ಸಿಗುವ ಬಗೆಯಲ್ಲಿ 1,927 ಅಮೈನೋ ಆಮ್ಲದ ಪ್ರೋಟೀನು 1,390ನೇ ಜಾಗದಲ್ಲೇ ತುಂಡಾಗಿ ನಿಲ್ಲುತ್ತದೆ. ಅಂಥ ಮಕ್ಕಳಿಗೆ ಹುಟ್ಟಿದ ಮೊದಲ ದಿನಗಳಲ್ಲೇ ಜೋರು ಭೇದಿ ಬರುತ್ತದೆ, ಎಂಟು ತಿಂಗಳವರೆಗೆ ತಿಳಿಯದೆ ಇರುವುದಿಲ್ಲ.

ಪುಟ್ಟಿ_ಅಮ್ಮ
ಥ್ಯಾಂಕ್ಸ್ ಅಕ್ಕ. ಅತ್ತೆಗೆ ಇದನ್ನೇ ಓದಿ ಹೇಳುತ್ತೇನೆ.

ಕಾಫಿಪುಡಿ
ಬೇರೆ ಡಾಕ್ಟರ ಹತ್ತಿರ ಹೋಗಿ ಬಂದೆ. ಮಲ ಪರೀಕ್ಷೆ, ರಕ್ತ ಪರೀಕ್ಷೆ, ಜೊತೆಗೆ ಹೈಡ್ರೋಜನ್ ಬ್ರೆತ್ ಟೆಸ್ಟ್ ಬರೆದಿದ್ದಾರೆ. ಊದುವುದಕ್ಕೂ ಹಾಲಿಗೂ ಏನು ಸಂಬಂಧ? ಪೊಲೀಸರು ನಿಲ್ಲಿಸಿ ಊದಿಸುವ ಹಾಗೆಯೇ?

ಅಗರ್‌ಪ್ಲೇಟ್
ಹೆಚ್ಚುಕಡಿಮೆ ಹಾಗೇ. ಲ್ಯಾಕ್ಟೋಸ್ ನೀರು ಕುಡಿಸಿ ಆಗಾಗ ಊದಿಸುತ್ತಾರೆ. ಮನುಷ್ಯರ ಕೋಶ ಹೈಡ್ರೋಜನ್ ಮಾಡುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾ ಮಾತ್ರ ಮಾಡುತ್ತವೆ. ಅದು ರಕ್ತಕ್ಕೆ ಸೇರಿ ಉಸಿರಲ್ಲಿ ಹೊರಬರುತ್ತದೆ. ಉಸಿರಿನಲ್ಲಿ ಹೈಡ್ರೋಜನ್ ಏರಿದರೆ ಲ್ಯಾಕ್ಟೋಸ್ ಅರಗದೆ ಕೆಳಗೆ ಇಳಿದಿದೆ ಎಂದರ್ಥ.

ಲ್ಯಾಬ್‌ಕೋಟು
ಹಿಂದಿನ ದಿನ ಅನ್ನ, ಮೊಟ್ಟೆ ಥರದ ಸಪ್ಪೆ ಊಟ ಸಾಕು. ಬೇಳೆ, ಕಾಳು, ಈರುಳ್ಳಿ ಬೇಡ, ಅವನ್ನೂ ಬ್ಯಾಕ್ಟೀರಿಯಾ ತಿಂದು ಹೈಡ್ರೋಜನ್ ಬಿಡುತ್ತವೆ. ರಾತ್ರಿಯಿಂದ ಖಾಲಿ ಹೊಟ್ಟೆ. ಸಿಗರೇಟು ಸೇದುವವರಾದರೆ ಅದೂ ಬೇಡ. ಹಿಂದಿನ ನಾಲ್ಕು ವಾರದಲ್ಲಿ ಆಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಮೊದಲೇ ಹೇಳಿ, ಬ್ಯಾಕ್ಟೀರಿಯಾ ಸತ್ತಿದ್ದರೆ ಟೆಸ್ಟ್ ಸುಳ್ಳು ಹೇಳುತ್ತದೆ.

ಕಾಫಿಪುಡಿ
ಆಂಟಿಬಯೋಟಿಕ್ ಇಲ್ಲ. ಟೆಸ್ಟ್ ಶನಿವಾರ. ಶುಕ್ರವಾರ ಮನೆಯಲ್ಲಿ ಹುರುಳಿಕಾಳಿನ ಬಸ್ಸಾರು ಎಂದು ಆಗಲೇ ನಿರ್ಧಾರವಾಗಿದೆ.

ತೆಂಗಿನಗರಿ
ಟೆಸ್ಟ್ ಮುಂದಕ್ಕೆ ಹಾಕಿ.